ಪೇಪರಿನಲ್ಲಿ ನಾನು ಓದದೆ ಬಿಟ್ಟ ಹೆಸರು

ನನಗೆ ಅವನ ಮೇಲೆ ಹೊಟ್ಟೆಕಿಚ್ಚಿತ್ತು. ಇದನ್ನು ಸುತ್ತಿ ಬಳಸಿ ಹೇಳುವ ವಯಸ್ಸು ದಾಟಿದ್ದೇನೆ. ಅವನು ನನ್ನ ಚಿಕ್ಕಪ್ಪನ ಮಗ, ನನಗಿಂತ ಎರಡು ವರ್ಷ ಚಿಕ್ಕವನು. ನಿಡಘಟ್ಟದ ಆಚೆಯ ನಮ್ಮೂರಿನಿಂದ ಮದ್ದೂರಿನ ಸ್ಕೂಲಿಗೆ ಇಬ್ಬರೂ ಒಟ್ಟಿಗೇ ಹೋದವರು. ಅವನಿಗೆ ಲೆಕ್ಕ ಹೇಳಿಕೊಟ್ಟವನು ನಾನು, ಇಂಗ್ಲಿಷು ಹೇಳಿಕೊಟ್ಟವನು ನಾನು. ಸ್ವಾತಂತ್ರ್ಯದ ಚಳವಳಿ ಬಂದಾಗ ಅವನು ಮೂರು ತಿಂಗಳು ಜೈಲಿನಲ್ಲಿ ಕೂತು ಬಂದ; ನಾನು ಒಕ್ಕಣೆ ಇದೆ ಅಂತ ಮನೆಯಲ್ಲೇ ಉಳಿದೆ. ಅಷ್ಟೇ ವ್ಯತ್ಯಾಸ! ಪಕ್ಷದವರು ಅವನಿಗೆ ಟಿಕೇಟು ಕೊಟ್ಟರು. ಗೆದ್ದು ಮೈಸೂರಿನ ಪ್ರಜಾಪ್ರತಿನಿಧಿ ಸಭೆಗೆ ಹೋದ. ಊರಿನವರು ಅವನನ್ನು ‘ಮೆಂಬರ್ರು’ ಅಂತ ಕರೆದಾಗಲೆಲ್ಲ ನನ್ನ ಮೈ ಉರಿಯುತ್ತಿತ್ತು.

ನನ್ನ ಪಾಲಿಗೆ ಉಳಿದದ್ದು ಪೇಪರ್ ಓದುವ ಕೆಲಸ. ನಿಡಘಟ್ಟಕ್ಕೆ ಬಸ್ಸಿನಲ್ಲಿ ಬರುತ್ತಿದ್ದ ಪೇಪರನ್ನು ತಂದು, ಸಂಜೆ ನಮ್ಮ ಜಗಲಿಯ ಮೇಲೆ ಕೂತು ಗಟ್ಟಿಯಾಗಿ ಓದುತ್ತಿದ್ದೆ. ಊರಿನಲ್ಲಿ ಓದು ಬಲ್ಲವರು ನಾವಿಬ್ಬರೇ; ಲೆಕ್ಕ ಬರೆಯುವ ಶ್ಯಾನುಭೋಗರು ಇದ್ದದ್ದು ಬೇರೆ ಊರಿನಲ್ಲಿ. ಅವನು ಮೈಸೂರಿಗೆ ಹೋದ ಮೇಲೆ ನಮ್ಮೂರಿಗೆ ನಾನು ಓದಿದ್ದೇ ಸುದ್ದಿ.

ನಾಲೆಯ ನೀರನ್ನು ನಮ್ಮ ಕಡೆಗೂ ತರಬೇಕು ಎಂಬ ನಿರ್ಣಯ ಒಂದು ಸಲ ಸಭೆಯ ಮುಂದೆ ಬಂತು. ಮಂಡ್ಯದ ಕಡೆ ಕಬ್ಬು ಆಳೆತ್ತರ ನಿಂತಿದ್ದಾಗ ನಾವಿನ್ನೂ ಮೋಡ ನೋಡಿಕೊಂಡು ರಾಗಿ ಬಿತ್ತುತ್ತಿದ್ದೆವು. ಪಕ್ಷದವರಿಗೆ ಅದೇ ಹೊತ್ತಿಗೆ ಸರ್ಕಾರದ ಮೇಲೆ ಬೇರೆ ಯಾವುದೋ ಸಿಟ್ಟು. ತಮ್ಮ ಮೆಂಬರುಗಳೆಲ್ಲ ಸಭೆಯಿಂದ ಎದ್ದು ಹೊರಗೆ ಬರಬೇಕೆಂದು ಅಪ್ಪಣೆ ಮಾಡಿದ್ದರು. ನಮ್ಮವನು ಪಕ್ಷದ ಮಾತು ಕೇಳುತ್ತಾನೋ, ಊರಿಗಾಗಿ ಕೂತು ವೋಟು ಹಾಕುತ್ತಾನೋ? ಪೇಪರ್ ಬರುವ ಹೊತ್ತಿಗೆ ಜಗಲಿಯ ಮೇಲೆ ಕಾಲಿಡಲು ಜಾಗವಿರಲಿಲ್ಲ.

ನಿರ್ಣಯ ಬಿದ್ದುಹೋಗಿತ್ತು. ಪರವಾಗಿ ವೋಟು ಹಾಕಿದವರ ಹೆಸರುಗಳನ್ನು ಸಾಲಾಗಿ ಹಾಕಿದ್ದರು. ಪಕ್ಷದವರಲ್ಲಿ ಒಬ್ಬನೇ ಒಬ್ಬ ಎದ್ದುಹೋಗದೆ ಕೂತಿದ್ದ. ನಮ್ಮವನೇ. ಅವನದು ಐದನೆಯ ಹೆಸರು.

ನಾಲ್ಕು ಓದಿದೆ. ಐದನೆಯದರ ಮೇಲೆ ಕಣ್ಣು ಬಿದ್ದಾಗ, ಇವರೆಲ್ಲ ನಾಳೆ ಅವನನ್ನು ಹೊತ್ತು ಮೆರೆಸುವುದು ಕಣ್ಣಿಗೆ ಕಟ್ಟಿತು. ಆರನೆಯದಕ್ಕೆ ಹೋಗಿಬಿಟ್ಟೆ.

“ನಮ್ಮುಡ್ಗನ ಎಸ್ರು?” ಅಂದರು ಊರಿನ ಪಟೇಲರು.

“ಇಲ್ಲ.”

“ಸರ್ಯಾಗಿ ನೋಡ್ಲಾ.”

“ಇಲ್ಲ ಕಣಪ್ಪೋ, ಎದ್ದೋಗವ್ನೆ.”

“ಥೂ! ಪಾರ್ಟಿ ಬಾಲ ಇಡ್ಕೊಂಡು ಒಂಟೋದ ಬುಡು.”

ಆ ರಾತ್ರಿ ಮುದ್ದೆ ಎರಡು ಹೆಚ್ಚಿಗೆ ಉಂಡೆ. ಸುಳ್ಳೇಕೆ ಹೇಳಲಿ, ರುಚಿಯಾಗಿಯೇ ಇತ್ತು.

ಅತ್ತ ಪಕ್ಷದವರು, ಮಾತು ಮೀರಿದನೆಂದು ಮುಂದಿನ ಚುನಾವಣೆಯಲ್ಲಿ ಅವನಿಗೆ ಟಿಕೇಟು ಕೊಡಲಿಲ್ಲ. ನನಗೆ ಬರುತ್ತದೆ ಅಂದುಕೊಂಡಿದ್ದೆ. ಅದು ಮದ್ದೂರಿನ ವಕೀಲರೊಬ್ಬರ ಪಾಲಾಯಿತು. ಅವನು ಊರನ್ನೇ ನಂಬಿಕೊಂಡು ಸ್ವಂತವಾಗಿ ನಿಂತ. ಪಟೇಲರು ಅವನನ್ನು ಅರಳಿಕಟ್ಟೆಗೆ ಕರೆಸಿ ಕೇಳಿದರು. “ಅವತ್ತು ಎದ್ದೋದ್ಯಾ, ಕೂತಿದ್ಯಾ?”

“ಕೂತಿದ್ದೆ ಕಣಪ್ಪಾ. ಅದ್ಕೇ ನನ್ ಟಿಕೇಟು ಓಗಿದ್ದು.”

“ಮತ್ತೆ ಪೇಪರ್ನಲ್ಲಿ ನಿನ್ನ ಎಸ್ರೇ ಇರ್ನಿಲ್ವಲ್ಲಾ?”

ಎಲ್ಲರೂ ನನ್ನ ಕಡೆ ತಿರುಗಿದರು. “ಇದ್ದಿದ್ನ ಓದ್ದೆ,” ಅಂದೆ.

ಅವನ ಕೈ ಕೋಟಿನ ಜೇಬಿಗೆ ಹೋಯಿತು. ನನ್ನ ಮುಖ ನೋಡಿದ. ಕೈ ಬರಿದಾಗಿಯೇ ಹೊರಗೆ ಬಂತು.

“ಪೇಪರ್ನೋರು ಬುಟ್ಟಿರ್ಬೇಕು. ನಮ್ಮಣ್ಣ ಯಾಕೆ ಸುಳ್ಳು ಓದಾನು?” ಅಂದ.

ಜನ ನಂಬದೆ ನಕ್ಕರು. ನಮ್ಮೂರಿನ ವೋಟು ಪೂರ್ತಿ ಬಿದ್ದಿದ್ದರೂ ಸಾಕಿತ್ತು, ಗೆಲ್ಲುತ್ತಿದ್ದ. ಬೀಳಲಿಲ್ಲ. ಸೋತು, ಮೊದಲಿನ ಹಾಗೆ ನೇಗಿಲು ಹಿಡಿದ.

ನಲವತ್ತೇಳರಲ್ಲಿ ಚಿಕ್ಕವ್ವ, ಎಂದರೆ ಅವನ ತಾಯಿ, ಹಾಸಿಗೆ ಹಿಡಿದಳು. ಒಂದು ಮಧ್ಯಾಹ್ನ ಅವನೇ ಬಂದು ನನ್ನನ್ನು ಕರೆದುಕೊಂಡು ಹೋದ. ಗೂಟಕ್ಕೆ ನೇತುಹಾಕಿದ್ದ ಅದೇ ಕೋಟಿನ ಜೇಬಿನಿಂದ ಒಂದು ಪೇಪರ್ ಚೂರು ತೆಗೆದು ನನ್ನ ಕೈಗಿಟ್ಟ. ಹಳದಿಯಾಗಿತ್ತು, ಮಡಿಕೆಗಳು ಸವೆದಿದ್ದವು.

“ಅವ್ವಂಗೆ ಓದೇಳಣ್ಣ. ನಾನ್ ಓದುದ್ರೆ, ನನ್ ಸಮಾಧಾನಕ್ಕೆ ಏಳ್ತೀಯಾ ಅಂತಾಳೆ. ನೀನ್ ಓದುದ್ರೇ ಅವ್ಳು ನಂಬೋದು.”

ನಾಲ್ಕು ಹೆಸರು ಓದಿದೆ. ಐದನೆಯದನ್ನೂ ಓದಿದೆ.

ಚಿಕ್ಕವ್ವ ನನ್ನ ಕೈ ಹಿಡಿದುಕೊಂಡು ಅತ್ತಳು. “ನಾನ್ ಏಳ್ತಿರ್ನಿಲ್ವಾ ಮಗ, ನನ್ನುಡ್ಗ ಎದ್ದೋಗೋನಲ್ಲ ಅಂತ! ಆ ಪೇಪರ್ನೋರು ತಪ್ಪು ತಿದ್ದಾಕೆ ಇಷ್ಟು ವರ್ಸ ತಕಂಡ್ರಲ್ಲಾ, ಅವ್ರ ಮನೆ ಆಳಾಗ!”

ಅವನು ಚೂರನ್ನು ವಾಪಸ್ ಇಸಿದುಕೊಂಡು ಮಡಿಸಿದ. ನನ್ನ ಕಡೆ ನೋಡಲೂ ಇಲ್ಲ. ಅಂದು ಕಟ್ಟೆಯ ಮೇಲೆ ಅದನ್ನು ಜೇಬಿನಿಂದ ತೆಗೆದಿದ್ದರೆ ಅವನು ಗೆಲ್ಲುತ್ತಿದ್ದ, ನಾನು ಊರಿನಲ್ಲಿ ತಲೆ ಎತ್ತುವ ಹಾಗಿರಲಿಲ್ಲ. ಪಕ್ಷವನ್ನು ಬಿಟ್ಟವನು ನನ್ನನ್ನು ಬಿಟ್ಟುಕೊಡಲಿಲ್ಲ. ಮನೆಗೆ ಬರುವಾಗ ದಾರಿಯುದ್ದಕ್ಕೂ ನನಗೆ ಅವನ ಆ ಗುಣದ ಮೇಲೂ ಹೊಟ್ಟೆಕಿಚ್ಚು.