ಮರಗಮ್ಮ ಬೇಡವೆಂದ ಕೋಳಿ

ಕಾಲುವೆಯ ನೀರು ಹೊಲಕ್ಕೆ ಬಂದ ಮರುವರ್ಷ ನಾನು ಆ ಮನೆಗೆ ಸೊಸೆಯಾಗಿ ಹೋದೆ. ಊರು ಕೆಂಭಾವಿಯ ಹತ್ತಿರ. ನಾನು ಯಾದಗಿರಿ ಪೇಟೆಯಲ್ಲಿ ಬೆಳೆದವಳು, ಕೋಳಿ ಎಂದರೆ ಸಾರು ಮಾತ್ರ ಗೊತ್ತಿತ್ತು. ಮನೆಯಲ್ಲಿ ಅತ್ತೆ, ಗಂಡ, ಗಂಡನ ತಂಗಿ.

ಈ ನಾದಿನಿ ಮದುವೆಯಾಗಿ ಹೋಗಿ ವರ್ಷದೊಳಗೆ ತಿರುಗಿ ಬಂದವಳು. ಆಕೆ ಮೈನೆರೆದಿರಲೇ ಇಲ್ಲ. ಇದು ಹೆಣ್ಣೇ ಅಲ್ಲ ಎಂದು ಗಂಡನ ಕಡೆಯವರು ಕಟ್ಟೆಯ ಮೇಲೆ ಹಿರಿಯರ ಮುಂದೆ ಹೇಳಿ ಬಿಟ್ಟುಹೋಗಿದ್ದರಂತೆ. ಮನೆಯಲ್ಲಿ ಆ ಮಾತನ್ನು ಯಾರೂ ಎತ್ತುತ್ತಿರಲಿಲ್ಲ. ಆಕೆ ಸಲಿಕೆ ಹೊತ್ತು ಹೋಗಿ ಗದ್ದೆಗೆ ನೀರು ತಿರುವುತ್ತಿದ್ದಳು. ಅದು ಗಂಡಸರ ಕೆಲಸ. ಮನೆಗೆ ಬಂದರೆ ಕೋಳಿಗಳ ಹತ್ತಿರ ಕೂರುತ್ತಿದ್ದಳು. ಒಂದು ಕರಿ ಹೇಂಟೆ ಆಕೆಯ ಹೊರಸಿನ ಕೆಳಗೇ ಮಲಗುತ್ತಿತ್ತು.

ಆ ಬೇಸಿಗೆ ಕೋಳಿಗಳಿಗೆ ರೋಗ ಬಂತು. ಹುಂಜಗಳೆಲ್ಲ ಸತ್ತವು. ಹೊಲಕ್ಕೆ ನೀರು ಬಂದರೆ ಕೊಡುತ್ತೇನೆಂದು ಅತ್ತೆ ಊರ ದೇವತೆ ಮರಗಮ್ಮನಿಗೆ ಹರಕೆ ಹೊತ್ತು ಸಾಕಿದ್ದ ಹುಂಜವೂ ಹೋಯಿತು. ಕರಿ ಹೇಂಟೆ ಉಳಿಯಿತು, ಆದರೆ ಮೊಟ್ಟೆ ಇಡುವುದನ್ನು ಬಿಟ್ಟಿತು. ಬರಬರುತ್ತ ಅದರ ಜುಟ್ಟು ದಪ್ಪಗೆ ಕೆಂಪಾಯಿತು, ಬಾಲದ ಗರಿಗಳು ಉದ್ದವಾಗಿ ಬಾಗಿದವು. ಉಳಿದ ಹೇಂಟೆಗಳ ಮೇಲೆ ಹುಂಜದಂತೆ ಹತ್ತತೊಡಗಿತು. ಹ್ಯಾಂಟಿ ಹೋಗಿ ಹುಂಜ ಆಗ್ಯಾದ ನೋಡ್ರಿ ಎಂದು ಅತ್ತೆ ಬಂದವರಿಗೆಲ್ಲ ತೋರಿಸಿ ನಗುತ್ತಿದ್ದರು.

ಒಂದು ಬೆಳಿಗ್ಗೆ ಅದು ತಿಪ್ಪೆ ಹತ್ತಿ ಕೂಗಿತು. ಒಡಕು ದನಿ, ಅರ್ಧಕ್ಕೇ ನಿಂತುಹೋಯಿತು. ಆಗ ಯಾರೂ ನಗಲಿಲ್ಲ.

ಹೇಂಟೆ ಕೂಗಿದರೆ ಮನೆಗೆ ಕೇಡು, ಅಂದೇ ಕಡಿಯಬೇಕು ಎಂಬುದು ಊರಿನ ನಂಬಿಕೆ. ಸಲಿಕೆ ಹೊತ್ತವಳನ್ನು ನೋಡಿ ಕಲಿತಿದೆ ಎಂದು ಪಕ್ಕದ ಮನೆಯ ಹೆಂಗಸು ನಮಗೆ ಕೇಳುವಂತೆಯೇ ಅಂದಳು. ನನ್ನ ಗಂಡ ಕುಡುಗೋಲು ಮಸೆದರು. ಕೋಳಿಯನ್ನು ಹಿಡಿದುಕೊಳ್ಳಲು ನನಗೆ ಹೇಳಿದರು. ಹಿಡಿದೆ. ಅದರ ಎದೆ ಹೊಡೆದುಕೊಳ್ಳುವುದು ನನ್ನ ಬೆರಳಿಗೆ ತಿಳಿಯುತ್ತಿತ್ತು. ಇಷ್ಟು ವರ್ಷದ ಮೇಲೂ ತಿಳಿಯುತ್ತದೆ.

ಅಷ್ಟರಲ್ಲಿ ನಾದಿನಿ ಹೊಲದಿಂದ ಬಂದಳು. ಸಲಿಕೆ ಗೋಡೆಗೆ ಒರಗಿಸಿದಳು. ದನಿ ಏರಿಸಲಿಲ್ಲ.

"ಹ್ಯಾಂಟಿ ಕೂಗಬಾರ್ದು ಅಂತಿ. ಇದು ಹುಂಜ ಆಗ್ಯಾದ ಅಂತನೂ ನೀನ ಅಂತಿ. ಹುಂಜ ಕೂಗಿದ್ರ ಏನು ತಪ್ಪು, ಯವ್ವಾ? ಯಾವುದರ ಒಂದು ಅನ್ನು."

ಅತ್ತೆ ಒಮ್ಮೆ ಕೋಳಿಯನ್ನು, ಒಮ್ಮೆ ಮಗಳನ್ನು ನೋಡಿದರು.

"ಆತು, ಹುಂಜನ ಅನ್ನು. ಮರಗಮ್ಮಗ ಹುಂಜ ಕೊಡೋದು ಬಾಕಿ ಅದ."

ನಾದಿನಿ ಕೋಳಿಯ ಕಡೆ ಕೈ ಚಾಚಿದಳು. ಮಗಳು ಮತ್ತೇನಾದರೂ ಅನ್ನುವ ಮೊದಲೇ ಅತ್ತೆ ಒಳಗೆ ಹೋಗಿ ಭಂಡಾರದ ಡಬ್ಬಿ ತಂದು ಕೋಳಿಯ ಕುತ್ತಿಗೆಗೆ ಅರಿಶಿನ ಮೆತ್ತಿದರು. ಹರಕೆಯ ಪ್ರಾಣಿಗೆ ಭಂಡಾರ ಹಚ್ಚಬೇಕಾದವನು ಪೂಜಾರಿ, ಅದೂ ಗುಡಿಯ ಮುಂದೆ. ಅವಸರದಲ್ಲಿ ಅದು ಅವರಿಗೆ ನೆನಪಾಗಲಿಲ್ಲ.

ಕೋಳಿಯನ್ನು ಹಿಡಿದು ಎಲ್ಲರೂ ಮರಗಮ್ಮನ ಗುಡಿಗೆ ಹೋದೆವು. ಅಲ್ಲಿಯ ಪೂಜಾರಿ ಮುದುಕ. ಕೋಳಿಯನ್ನು ತಿರುಗಿಸಿ ಕಾಲು ನೋಡಿದ. ಹುಂಜಕ್ಕಿರುವ ಮುಳ್ಳು ಅಲ್ಲಿರಲಿಲ್ಲ. ಮನೆಗೆ ಹೊಸಬಳೆಂದೋ ಏನೋ, ನನ್ನನ್ನೇ ಕೇಳಿದ.

"ಇದು ತತ್ತಿ ಇಟ್ಟಾದೇನವ್ವಾ?"

ಇಟ್ಟಿದೆ ಎಂದರೆ ಕೂಗಿದ ಹೇಂಟೆಯೆಂದು ಮನೆಯಲ್ಲಿ ಕಡಿಯುತ್ತಾರೆ. ಇಲ್ಲವೆಂದರೆ ಇಲ್ಲೇ ಕಡಿಯುತ್ತಾರೆ. ನಾದಿನಿ ನನ್ನ ಕಡೆ ನೋಡಲಿಲ್ಲ. ಯಾವ ಮಾತು ಅದನ್ನು ಉಳಿಸುತ್ತದೆಂದು ತಿಳಿಯದೆ, ಇದ್ದದ್ದನ್ನೇ ಹೇಳಿದೆ. ಇಟ್ಟಿದೆ, ಮರಿಯನ್ನೂ ಮಾಡಿದೆ ಎಂದೆ.

ತಾಯಿಯಾದ ಜೀವವನ್ನು ತಾಯಿಯ ಮುಂದೆ ಕಡಿಯುವಂತಿಲ್ಲ ಎಂದ ಮುದುಕ. ಹಾಗಾದರೆ ಮನೆಗೆ ಒಯ್ದು ಕಡಿಯುತ್ತೇವೆ ಎಂದರು ನನ್ನ ಗಂಡ.

"ಭಂಡಾರ ಹಚ್ಚಿದವ್ರು ಯಾರು?" ಎಂದು ಕೇಳಿದ ಪೂಜಾರಿ.

ಅತ್ತೆ ತಾನೇ ಎಂದು ಒಪ್ಪಿಕೊಂಡರು.

"ಹಚ್ಚಿದಮ್ಯಾಲ ಅದು ಮರಗಮ್ಮಂದಾತು. ಅಕಿ ತಗೊಳ್ಳಿಲ್ಲ, ಹೊಳ್ಳಿ ಕೊಟ್ಟಾಳ. ಅಕಿ ಬಿಟ್ಟದ್ದನ್ನ ನೀವು ಹೆಂಗ ಕಡೀತೀರಿ?"

ಕೋಳಿಯನ್ನು ನಾದಿನಿಯೇ ಸೆರಗಿನಲ್ಲಿ ಸುತ್ತಿಕೊಂಡು ಮನೆಗೆ ತಂದಳು. ಮುಂದಿನ ಸಂತೆಯಲ್ಲಿ ಬೇರೆ ಹುಂಜ ತಂದು ಹರಕೆ ತೀರಿಸಿದೆವು.

ಎಷ್ಟೋ ವರ್ಷಗಳ ಮೇಲೆ, ಭೀಮರಾಯನಗುಡಿಯ ಕೃಷಿ ಕಾಲೇಜಿನಲ್ಲಿ ಓದುತ್ತಿದ್ದ ನನ್ನ ಮಗಳಿಗೆ ಇದನ್ನು ಹೇಳಿದೆ. ಹೇಂಟೆಯಲ್ಲಿ ಎಡಗಡೆಯ ಅಂಡಾಶಯ ಮಾತ್ರ ಕೆಲಸ ಮಾಡುತ್ತದಂತೆ. ರೋಗದಿಂದ ಅದು ಕೆಟ್ಟರೆ ಹೇಂಟೆ ಹುಂಜದ ರೂಪಕ್ಕೆ ತಿರುಗುವುದುಂಟಂತೆ. ಇರಬಹುದು. ನನ್ನ ಕಣ್ಣ ಮುಂದೆ ತಿರುಗಿದ್ದು ನಿಜ.

ಅದು ದಿನಾ ಬೆಳಿಗ್ಗೆ ಕೂಗುತ್ತಿತ್ತು. ಕೆಲವು ದಿನಕ್ಕೆ ಕುತ್ತಿಗೆಯ ಅರಿಶಿನ ಮಾಸಿತು. ಪಕ್ಕದ ಮನೆಯವಳು, ಇದಿನ್ನೂ ಅದ ಏನ್ರಿ ಎಂದು ವಿಚಾರಿಸತೊಡಗಿದಳು. ಅಂದಿನಿಂದ ನಾದಿನಿ ಮಂಗಳವಾರಕ್ಕೊಮ್ಮೆ ಅದನ್ನು ತೊಡೆಯ ಮೇಲೆ ಕೂರಿಸಿಕೊಂಡು ಹೊಸದಾಗಿ ಭಂಡಾರ ಹಚ್ಚುತ್ತಿದ್ದಳು. ಆಮೇಲೆ ಸಲಿಕೆ ಎತ್ತಿಕೊಂಡು ಹೊಲಕ್ಕೆ ಹೋಗುತ್ತಿದ್ದಳು. ಅತ್ತೆ ನೋಡಿಯೂ ನೋಡದಂತೆ ಇರುತ್ತಿದ್ದರು. ಆದರೆ ಭಂಡಾರದ ಡಬ್ಬಿ ಖಾಲಿಯಾದದ್ದನ್ನು ನಾನು ಕಾಣಲಿಲ್ಲ. ಒಂದು ಸೋಮವಾರ ಸಂಜೆ ಅತ್ತೆ ಅಡುಗೆಮನೆಯಲ್ಲಿ ಒಬ್ಬರೇ ಕೂತು ಅರಿಶಿನ ಕುಟ್ಟುತ್ತಿದ್ದುದನ್ನು ನೋಡಿದೆ. ಸಾರಿಗೇನ್ರಿ ಅತ್ತಿ ಎಂದು ಕೇಳಿದೆ. ಅಲ್ಲ ಎಂದರು.