ಖಾಜಾ ಹುಸೇನ್ ಹೊರಗೆ ಕೊಟ್ಟ ಪಟ್ಟಿ

ಬಕ್ರೀದ್ ಮುಗಿದ ಮೂರನೆಯ ದಿನ ಖಾಜಾ ಹುಸೇನ್ ಹರಿಹರದಿಂದ ಸಂಜೆ ರೈಲಿಗೆ ದಾವಣಗೆರೆಗೆ ಬಂದವನು, ಚಪ್ಪಲಿ ಬಿಡುವ ಮೊದಲೇ ಹೆಂಡತಿಗೆ ಸುದ್ದಿ ಹೇಳಿದ. ಅದು ೧೯೮೬. ಹರಿಹರದ ಕಾರ್ಖಾನೆಯ ಆಫೀಸಿನಲ್ಲಿ ಹದಿನಾಲ್ಕು ವರ್ಷ ಟೈಪ್ ಮಾಡಿದ್ದವನನ್ನು ಆ ವರ್ಷ ಕಂಪ್ಯೂಟರ್ ಕೋಣೆಗೆ ಹಾಕಿದ್ದರು.

"ಸುಗ್ರಾ, ಪರದೆ ಮೇಲೆ ಬರೆಯೋ ಎಡಿಟರ್ ಐತಲ್ಲ, ಅದಕ್ಕೆ ಬರೆಯೋದು ತಿದ್ದೋದು ಅಷ್ಟೇ ಗೊತ್ತು. ಆದ್ರೆ ಆಶ್ಚರ್ಯದ ಗುರುತು ಒತ್ತಿ ಹೊರಗಿರೋ ಇನ್ನೊಂದು ಪ್ರೋಗ್ರಾಂ ಹೆಸರು ಹೇಳಿದ್ರೆ, ಬರೆದದ್ದನ್ನೆಲ್ಲ ಅದರ ಕೈಗೆ ಕೊಡ್ತೈತೆ. ಅದು ಸಾಲಾಗಿ ಜೋಡಿಸಿ ವಾಪಸ್ ಕೊಡ್ತೈತೆ."

ಸುಗ್ರಾಬಿ ಓದಿದ್ದು ಎರಡನೇ ಇಯತ್ತೆ. ಬೆಳೆದದ್ದು ಮಂಡಕ್ಕಿ ಭಟ್ಟಿಯ ಹೊಗೆಯಲ್ಲಿ.

"ನಮ್ಮ ಅಬ್ಬಾಗೆ ಭತ್ತ ಕೊಟ್ಟು ಮಂಡಕ್ಕಿ ಒಯ್ತಿದ್ರಲ್ಲ, ಹಂಗೆ ಅನ್ರಿ."

"ಹಂಗೇ. ವಾಪಸ್ ಬಂದದ್ದು ಕೊಟ್ಟದ್ದರ ಜಾಗದಾಗೇ ಕೂರ್ತೈತೆ."

"ಮಂಡಕ್ಕಿ ಸೀಯಿಸಿ ಕೊಟ್ರೆ?"

"ಸೀದದ್ದೇ ನಿನ್ನ ಚೀಲಕ್ಕೆ!" ಎಂದು ನಕ್ಕ. ನಗುವುದು ಅವನಿಗೆ ಅಪರೂಪ. ಯಾರ ಹೆಸರು ಟೈಪ್ ಮಾಡುವುದಿದ್ದರೂ ಎರಡು ಸಲ ಬಾಯಲ್ಲಿ ಹೇಳಿಕೊಂಡೇ ಬೆರಳು ಇಡುವ ಮನುಷ್ಯ.

ಮರುವರ್ಷ ಕಾರ್ಖಾನೆಯವರು ಗುತ್ತಿಗೆ ಕೂಲಿಗಳಲ್ಲಿ ಎಲ್ಲರಿಗಿಂತ ಹಳಬರಾದ ನಲವತ್ತು ಮಂದಿಯನ್ನು ಕಾಯಂ ಮಾಡುತ್ತೇವೆಂದರು. ಖಾಜಾ ಹುಸೇನ್ ಇನ್ನೂರು ಚಿಲ್ಲರೆ ಹೆಸರು ಬರೆದ. ಪ್ರತಿ ಸಾಲಿನ ಮೊದಲಿಗೆ ಸೇರಿದ ತಾರೀಖು, ತಿಂಗಳು, ವರ್ಷ. ಎಲ್ಲರೂ ಬರೆಯುವ ಹಾಗೆ. ಪಟ್ಟಿಯನ್ನು ಹೊರಗಿನ ಪ್ರೋಗ್ರಾಮಿಗೆ ಕೊಟ್ಟ. ಜೋಡಿಸಿ ಬಂದದ್ದರಲ್ಲಿ ಮೇಲಿನ ನಲವತ್ತು ಹೆಸರಿಗೆ ಸಾಹೇಬರ ಸಹಿ ಬಿತ್ತು, ಗೇಟಿಗೆ ಅಂಟಿಸಿದರು.

ಭಾನುವಾರ ಗುತ್ತಿಗೆ ಕೂಲಿಗಳಲ್ಲೊಬ್ಬನಾದ ಲೋಕಿಕೆರೆಯ ಕರಿಬಸವರಾಜ ಮನೆ ಹುಡುಕಿಕೊಂಡು ಬಂದ.

"ಕೂಡ್ರಿ ಅಣ್ಣಾ," ಎಂದಳು ಸುಗ್ರಾಬಿ.

"ಕೂಡೋಕೆ ಬಂದಿಲ್ಲ ತಾಯಿ. ಸಾಬ್ರೇ, ಎಪ್ಪತ್ತೇಳರಾಗೆ ನಾನು ಸೇರಿದಾಗ ಮಾಯಕೊಂಡದ ಆ ಮಸ್ತಾನಸಾಬ್ ಗೋಲಿ ಆಡ್ತಿದ್ದ. ಅವನ ಹೆಸರು ಐತೆ, ನಂದಿಲ್ಲ. ನಿಮ್ಮ ಮಷೀನು ಯಾರ ಮನೆ ಬಿರಿಯಾನಿ ಉಂಡೈತೆ?"

ಖಾಜಾ ಹುಸೇನ್ ಪಟ್ಟಿಯ ಪ್ರತಿಯನ್ನು ತಂದು ಬೆರಳಿಟ್ಟು ನೋಡುತ್ತ ಹೋದ. ಮೇಲಿದ್ದವರೆಲ್ಲ ಯಾವುದೋ ತಿಂಗಳ ಒಂದಕ್ಕೆ, ಎರಡಕ್ಕೆ, ಮೂರಕ್ಕೆ ಸೇರಿದವರು. ಇಪ್ಪತ್ತೆಂಟನೇ ತಾರೀಖು ಸೇರಿದ ಕರಿಬಸವರಾಜ ಪಟ್ಟಿಯ ತಳದಲ್ಲಿದ್ದ. ಹೊರಗಿನ ಪ್ರೋಗ್ರಾಂ ಸಾಲಿನ ಮೊದಲಿಗಿದ್ದ ತಾರೀಖನ್ನಷ್ಟೇ ನೋಡಿ ಜೋಡಿಸಿತ್ತು. ಮೊದಲು ವರ್ಷ ನೋಡು ಎಂದು ಅದಕ್ಕೆ ಹೇಳಬೇಕಾದವನು ಹೇಳಿರಲಿಲ್ಲ.

"ತಪ್ಪು ನಂದು ಕರಿಬಸವಣ್ಣಾ," ಎಂದ. ಅವನ ದನಿ ಅಷ್ಟು ಸಣ್ಣದಾದದ್ದನ್ನು ಸುಗ್ರಾಬಿ ಎಂದೂ ಕೇಳಿರಲಿಲ್ಲ.

ಸೋಮವಾರ ಸಾಹೇಬರು, "ಸಹಿ ಆಗೈತೆ ಕಣ್ರೀ. ಕಂಪ್ಯೂಟರ್ ಮಾಡಿದ್ದು ಅಂದ್ರೆ ಯಾರೂ ತಿರುಗಿ ಕೇಳಲ್ಲ, ಸುಮ್ನಿರ್ರಿ," ಎಂದರಂತೆ. ಇವನು ಸುಮ್ಮನಿರಲಿಲ್ಲ. ತಪ್ಪು ತನ್ನದೆಂದು ಬರೆದು ಕೊಟ್ಟ. ಗುರುವಾರ ಹೊಸ ಪಟ್ಟಿ ಗೇಟಿಗೆ ಬಂತು, ಕರಿಬಸವರಾಜನ ಹೆಸರು ಮೂರನೆಯದು. ಅದೇ ವಾರ ಖಾಜಾ ಹುಸೇನನನ್ನು ಗೋದಾಮಿಗೆ ಹಾಕಿದರು.

"ಬರೆದು ಯಾಕ ಕೊಟ್ರಿ? ಬಾಯಲ್ಲಿ ಹೇಳಿದ್ರೆ ಸಾಲ್ತಿರಲಿಲ್ವಾ?" ಎಂದು ಸುಗ್ರಾಬಿ ಸಿಡುಕಿದಳು. ಅವನು ಬುತ್ತಿ ಎತ್ತಿಕೊಂಡು ರೈಲಿಗೆ ಹೊರಟ.

ಗೋದಾಮಿನ ಧೂಳು ಎದೆಗೆ ಕೂತಿತು. ಎರಡು ವರ್ಷಕ್ಕೆ ದೊಡ್ಡಾಸ್ಪತ್ರೆಯ ಮಂಚ ಹಿಡಿದ. ಕರಿಬಸವರಾಜ ದಿನಾ ಎಳನೀರು ತಂದು ಮಂಚದ ಕೆಳಗಿಟ್ಟು ಹೋಗುತ್ತಿದ್ದ. ಒಂದು ಮಧ್ಯಾಹ್ನ, ಉಸಿರು ಕೂಡಿಸಿಕೊಂಡು, ಖಾಜಾ ಹುಸೇನ್ ಹೆಂಡತಿಯ ಸೆರಗು ಎಳೆದ.

"ಮೊದಲ ಪಟ್ಟಿ ನೋಡಿ ಮಸ್ತಾನಸಾಬ್ ಮನೇರು ಓಣಿಗೆಲ್ಲ ಪೇಡೆ ಹಂಚಿದ್ರು. ಎರಡನೇದ್ರಾಗೆ ಅವನ ಹೆಸರು ತೆಗೆದವ ನಾನೇ. ಅವನ ತಾಯಿ ಮಾಬೂಬೀ ಇವತ್ತಿಗೂ ಮಷೀನಿಗೆ ಶಾಪ ಹಾಕ್ತಾಳಂತೆ. ಎಲ್ಲರ ಮುಂದೆ ಒಪ್ಪಿಕೊಂಡೆ ಸುಗ್ರಾ, ಆ ಬಾಗಿಲಿಗೆ ಹೋಗೋಕೆ ಮಾತ್ರ ಧೈರ್ಯ ಆಗ್ಲಿಲ್ಲ. ನೀನು ಮಾಯಕೊಂಡಕ್ಕೆ ಹೋಗು. ತಪ್ಪು ಮಷೀನಿಂದಲ್ಲ, ನನ್ನ ಗಂಡಂದು ಅಂತ ಆಕೆಗೆ ಹೇಳಿ ಬಾ."