ವೀಳ್ಯ ಹಿಡಿದವರು

ಮೊದಲು ಹಾದಿ ತಪ್ಪಿದ್ದು ಸುಣ್ಣದ ಬೆರಳು.

ಊಟವಾದ ಮೇಲೆ ಎಲೆ ಮಡಿಸಿಕೊಡುವುದು ನಮ್ಮ ಮನೆಯಲ್ಲಿ ಯಜಮಾನರ ಕೆಲಸ. ಮದುವೆಯಾದ ಹೊಸತರಲ್ಲಿ ಶುರುವಾದದ್ದು, ನಿಂತೇ ಇರಲಿಲ್ಲ. ಎಲೆಯ ಬೆನ್ನು ಒರೆಸಿ, ತೊಟ್ಟು ಮುರಿದು, ನಾರು ತೆಗೆದು, ಬೆರಳ ತುದಿಯಲ್ಲಿ ಸುಣ್ಣ ಸವರಿ, ಅಡಿಕೆ ಇಟ್ಟು ಮಡಿಸಿ ನನ್ನ ಕೈಗಿಡುತ್ತಿದ್ದರು. ಆ ದಿನ ಬೆರಳು ಎಲೆಗೆ ಹೋಗದೆ ಪಂಚೆಗೆ ಹೋಯಿತು. ಇನ್ನೊಮ್ಮೆ ಸವರಿದರು. ಮತ್ತೆ ಪಂಚೆ.

"ಅಬ್ಬಕ್ಕೆ ಇನ್ನೂ ದಿನ ಐತೆ, ಈಗ್ಲೇ ಯಾಕೆ ಸುಣ್ಣ ಬಳೀತಿದ್ದೀರಾ?" ಅಂದೆ.

ಅವರೂ ನಕ್ಕರು. ನಗುವಾಗಲೂ ಬೆರಳು ಅಲುಗುತ್ತಲೇ ಇತ್ತು.

ನಮ್ಮದು ಬೇತಮಂಗಲದ ಹತ್ತಿರದ ಹಳ್ಳಿ. ಒಂದು ತುಂಡು ಜಮೀನು, ಎರಡು ಸೀಮೆಹಸು. ಹಾಲು ಕರೆಯುವ ಕೈ ಅವರದು. ಹಸುವಿಗೆ ಮುಖಕ್ಕಿಂತ ಕೈಯ ಗುರುತು ಹೆಚ್ಚು. ನಡುಗುವ ಕೈ ಕೆಚ್ಚಲಿಗೆ ಹೋದರೆ ಅದು ಹಾಲು ಇಳಿಸುವುದಿಲ್ಲ, ಕಾಲೆತ್ತುತ್ತದೆ. ಒಮ್ಮೆ ಒದ್ದೂ ಬಿಟ್ಟಿತು. ಡೇರಿಯ ಮುಂದೆ ಕ್ಯಾನಿನಿಂದ ಹಾಲು ಸುರಿಯುವಾಗ ಅರ್ಧ ನೆಲಕ್ಕೆ ಹೋಯಿತು. ಸಾಲಿನಲ್ಲಿದ್ದವರು ಬಿಡುತ್ತಾರೆಯೇ? "ಏನ್ಲಾ, ಒತ್ತಾರೇನೇ ಆಕ್ಕೊಂಡ್ ಬಂದಿದ್ದೀಯಾ?" ಅಂದರು. ಜೀವಮಾನದಲ್ಲಿ ಒಂದು ಹನಿ ಹೆಂಡ ಮುಟ್ಟದ ಮನುಷ್ಯ. ಮರುದಿನದಿಂದ ಡೇರಿಗೆ ನನ್ನನ್ನು ಕಳಿಸಿದರು.

ಕೋಲಾರದಲ್ಲಿ ಕೊಟ್ಟ ಮಾತ್ರೆಗಳು ನಿದ್ದೆ ತಂದವು, ಕೈ ನಿಲ್ಲಿಸಲಿಲ್ಲ. ಕೊನೆಗೆ ಬಂಗಾರಪೇಟೆಯಲ್ಲಿ ರೈಲು ಹತ್ತಿ ಬೆಂಗಳೂರಿನ ದೊಡ್ಡ ಆಸ್ಪತ್ರೆಗೆ ಹೋದೆವು. ಅಲ್ಲಿ ಅದಕ್ಕೆ ಹೆಸರು ಸಿಕ್ಕಿತು: ಎಸೆನ್ಶಿಯಲ್ ಟ್ರೆಮರ್. ಡಾಕ್ಟರು ಕೇಳಿದರು: "ಸ್ವಲ್ಪ ಡ್ರಿಂಕ್ಸ್ ತಗೊಂಡ್ರೆ ನಡುಕ ಕಮ್ಮಿ ಆಗುತ್ತಾ? ಕೆಲವರಿಗೆ ಆಗುತ್ತೆ."

"ಕುಡ್ದು ನೋಡಿಲ್ಲ ಸಾರ್. ಕುಡೀದೇನೇ ಕುಡುಕ ಅನ್ನಿಸ್ಕೊಂಡಿದ್ದೀನಿ," ಅಂದರು ಇವರು.

ಅಲ್ಲೊಂದು ಸ್ಟಡಿ, ಹೊಸ ಚಿಕಿತ್ಸೆಯ ಪ್ರಯೋಗ, ನಡೆಯುತ್ತಿತ್ತು. ಮಿದುಳಿನೊಳಕ್ಕೆ ಸಣ್ಣ ತಂತಿ ಇಳಿಸಿ, ಎದೆಯ ಚರ್ಮದಡಿ ಬ್ಯಾಟರಿ ಇಟ್ಟು, ಕರೆಂಟಿನಿಂದ ನಡುಕವನ್ನು ಹಿಡಿದು ನಿಲ್ಲಿಸುವುದು. ಸ್ಟಡಿಗೆ ಸೇರಿದವರಿಗೆ ಎಲ್ಲವೂ ಉಚಿತ. ಹೊರಗೆ ಮಾಡಿಸುವುದು ನಮ್ಮಂಥವರ ಏಳು ಜನ್ಮಕ್ಕೂ ಆಗದ ಮಾತು. ನಮ್ಮ ಹಿರಿಯರ ಮಾತೊಂದಿದೆ, ಧರ್ಮಕ್ಕೆ ದಟ್ಟಿ ಕೊಟ್ಟರೆ ಹಿತ್ತಲಿಗೆ ಹೋಗಿ ಮೊಳ ಹಾಕಬಾರದು ಅಂತ. ನಾವು ಮೊಳ ಹಾಕಲಿಲ್ಲ. ಅವರು ಕನ್ನಡದಲ್ಲೇ ಎಲ್ಲ ಬಿಡಿಸಿ ಹೇಳಿದರು, ಸುಳ್ಳು ಹೇಳಬಾರದು. ಸ್ಟಡಿ ಮುಗಿಯುವ ತನಕ ನೋಡಿಕೊಳ್ಳುತ್ತೇವೆ ಅಂದರು. ಆಮೇಲೆ ಅಂತ ಕೇಳುವುದು ನಮಗೆ ತೋಚಲಿಲ್ಲ. ಒಪ್ಪಿಗೆಗೆ ಸಹಿ ಹಾಕಲು ಕೈ ನಿಲ್ಲಲಿಲ್ಲವಾದ್ದರಿಂದ ಹೆಬ್ಬೆಟ್ಟು ಒತ್ತಿಸಿದರು. ಎಸ್ಸೆಸ್ಸೆಲ್ಸಿ ಪಾಸಾದ ಮನುಷ್ಯ ಹೆಬ್ಬೆಟ್ಟು ಒತ್ತಿದ್ದು ಅದೇ ಮೊದಲು.

ಆಪರೇಷನ್‌ನಲ್ಲಿ ಎಚ್ಚರವಾಗಿಯೇ ಇರಬೇಕು. ತಲೆಗೆ ಕಬ್ಬಿಣದ ಚೌಕಟ್ಟು ಬಿಗಿದು, ತೂತು ಕೊರೆಯುತ್ತಾ ಮಾತಾಡಿಸುತ್ತಿದ್ದರಂತೆ. ಇವರ ತಂದೆ ಚಾಂಪಿಯನ್ ರೀಫ್‌ನಲ್ಲಿ ಚಿನ್ನದ ಗಣಿಗೆ ಇಳಿಯುತ್ತಿದ್ದವರು. "ನಮ್ಮಪ್ಪ ನೆಲದೊಳಕ್ಕೆ ಇಳಿದ, ಇವ್ರು ನನ್ ತಲೆಯೊಳಕ್ಕೆ ಇಳಿದ್ರು. ಚಿನ್ನ ಏನಾನ ಸಿಕ್ತಾ ಸಾರ್ ಅಂದೆ. ನಗಿಸ್ಬೇಡಪ್ಪಾ, ನಮ್ ಕೈ ಅಲ್ಲಾಡ್ತೈತೆ ಅಂದ್ರು," ಅಂತ ಆಮೇಲೆ ಬಂದವರಿಗೆಲ್ಲ ಹೇಳಿ ನಗಿಸಿದರು.

ಆನ್ ಮಾಡಿದರು. ಕೈ ನಿಂತಿತು.

ಆ ಸುಖವನ್ನು ನಾನು ಮರೆತರೆ ನನಗೆ ಅನ್ನ ಸಿಗಬಾರದು. ಹಸು ಹಾಲು ಇಳಿಸಿತು. ಅವರೇ ಡೇರಿಗೆ ಹೋಗಿ, ಆಡಿಕೊಂಡವರ ಮುಂದೆ ಒಂದು ಹನಿ ಚೆಲ್ಲದೆ ಹಾಲು ಸುರಿದು ಬಂದರು. ಸಂಜೆ ನನಗೆ ಎಲೆ ಮಡಿಸಿಕೊಟ್ಟರು. ಬ್ಯಾಟರಿ ಉಳಿಯಲಿ ಅಂತ ಮಲಗುವಾಗ ರಿಮೋಟಿನಲ್ಲಿ ಆಫ್ ಮಾಡಬೇಕಿತ್ತು, ಅಷ್ಟೇ. ಹೀಗೇ ಕೆಲವು ವರ್ಷ ನಡೆಯಿತು.

ಒಂದು ಸಲ ತೋರಿಸಲು ಹೋದಾಗ, ನಮ್ಮನ್ನು ನೋಡಿಕೊಳ್ಳುತ್ತಿದ್ದ ಹುಡುಗಿ ಡಾಕ್ಟರ್ ತಲೆ ಎತ್ತದೆ ಹೇಳಿದರು: "ಸ್ಟಡಿ ಕ್ಲೋಸ್ ಆಯ್ತಮ್ಮ."

ಒಳ್ಳೆಯದಾಯ್ತು ಬಿಡಮ್ಮ ಅಂದೆ. ಪರೀಕ್ಷೆ ಮುಗಿದಂತೆ ಅಂದುಕೊಂಡಿದ್ದೆ.

ಅದರ ಅರ್ಥ, ಬ್ಯಾಟರಿ ಮುಗಿದರೆ ಹೊಸದು ಅವರು ಹಾಕುವುದಿಲ್ಲ ಅಂತ.

ಗಣಿ ಮುಚ್ಚಿದಾಗ ನಮ್ಮ ಮಾವನವರು ಹೇಳುತ್ತಿದ್ದ ಮಾತು ನೆನಪಾಯಿತು: ತೋಡಿದವರು ಹೋಗುತ್ತಾರೆ, ತೂತು ನಮ್ಮದಾಗಿ ಉಳಿಯುತ್ತದೆ. ಆಸ್ಪತ್ರೆಯವರು ಸ್ಟಡಿ ಮಾಡಿಸಿದ ಕಂಪನಿಯನ್ನು ಕೇಳಿ ಅಂದರು. ಕಂಪನಿಗೆ ಫೋನು ಹಾಕಿದರೆ ಆಸ್ಪತ್ರೆಯನ್ನು ಕೇಳಿ ಅಂದರು. ತಂತಿ ತಲೆಯಲ್ಲಿದೆ, ಬ್ಯಾಟರಿ ಎದೆಯಲ್ಲಿದೆ, ಆದರೆ ಯಾರದ್ದೂ ಅಲ್ಲ.

ಆ ಹೊತ್ತಿಗೆ ಕರೆ ಬಂತು. ರಾಬರ್ಟ್‌ಸನ್‌ಪೇಟೆಯ ಒಂದು ಹಾಲ್‌ನಲ್ಲಿ ಸಂವಾದವಂತೆ: ಮಿದುಳು ವಿಜ್ಞಾನದಲ್ಲಿ ಯಾವುದು ಸರಿ, ಯಾವುದು ತಪ್ಪು ಅಂತ ಜನರೂ ತಜ್ಞರೂ ಒಟ್ಟಿಗೆ ಕೂತು ಚರ್ಚಿಸುವುದು. "ನಿಮ್ಮಂಥವರ ಮಾತು ಬೇಕಮ್ಮ, ಅದಕ್ಕೇ ಮಾಡ್ತಿರೋದು," ಅಂದರು ಅದನ್ನು ನಡೆಸುವವರು, ಫೋನಿನಲ್ಲಿ.

ನನ್ನ ತವರು ಕಾಮಸಮುದ್ರದ ಕಡೆ. ತಾಯಿಯ ತಂದೆ, ನಮ್ಮ ತಾತ, ಊರ ಪಂಚಾಯ್ತಿಯಲ್ಲಿ ಕೂರುತ್ತಿದ್ದವರು. ನ್ಯಾಯ ಕೇಳುವವರು ಮೊದಲು ಎಲೆ ಅಡಿಕೆ ನೀಡಬೇಕು. ಕೂತವರು ಅದನ್ನು ಕೈಗೆ ತೆಗೆದುಕೊಂಡರೆ ಕಟ್ಟುಬಿದ್ದ ಹಾಗೆ. ಒಂದು ತೀರ್ಮಾನದ ಮಾತು ಹೇಳದೆ ಏಳುವಂತಿಲ್ಲ. ಆಗದು ಅನ್ನುವವರು ಮೊದಲೇ ಕೈ ಹಿಂದಕ್ಕೆ ಕಟ್ಟಿಕೊಳ್ಳಬೇಕು. ಸ್ವಂತ ಭಾಮೈದನ ವ್ಯಾಜ್ಯ ಬಂದಾಗ ತಾತ ಹಾಗೆ ಕೈ ಕಟ್ಟಿಕೊಂಡು ಎದ್ದುಹೋದದ್ದನ್ನು ನಾನೇ ಕಂಡಿದ್ದೇನೆ.

ಜನ, ತಿಳಿದವರು, ಸರಿ ತಪ್ಪು. ಇದು ನ್ಯಾಯವಲ್ಲದೆ ಇನ್ನೇನು? ಹೋಗುವ ದಾರಿಯಲ್ಲಿ ಮಾರ್ಕೆಟ್ಟಿನಲ್ಲಿ ಒಳ್ಳೆ ಎಲೆ ಆರಿಸಿ ತೆಗೆದುಕೊಂಡೆ.

ವೇದಿಕೆಯ ಮೇಲೆ ಮೂವರು: ಒಬ್ಬರು ಪ್ರೊಫೆಸರು, ಒಬ್ಬರು ವಕೀಲೆ, ಒಬ್ಬರು ವಯಸ್ಸಾದ ಮಿದುಳು ಡಾಕ್ಟರು. ನಾಳೆ ಯಂತ್ರ ನಮ್ಮ ಯೋಚನೆಯನ್ನು ಓದಿದರೆ ಆ ಯೋಚನೆ ಯಾರ ಸೊತ್ತು? ತಲೆಯಲ್ಲಿ ತಂತಿ ಇರುವವನು ಮಾಡಿದ ತಪ್ಪು ಅವನದೋ, ತಂತಿಯದೋ? ಕೆಟ್ಟ ಪ್ರಶ್ನೆಗಳಲ್ಲ. ಹಿಂದೆ ಗಣಿಯಲ್ಲಿದ್ದ ತಮಿಳಣ್ಣ ಒಬ್ಬರು ಎದ್ದರು. "ಸಾರ್, ತಲೆ ಒಳಗೆ ಓದೋ ಮೆಷಿನ್ ಬಂದ್ರೆ ಫಸ್ಟು ನಮ್ಮ ಲೀಡರ್‌ಗಳಿಗೆ ಇಡಿ ಸಾರ್. ಒಳಗೆ ಏನಾನ ಐತಾ ಇಲ್ವಾ ಅಂತಾನಾದ್ರೂ ಗೊತ್ತಾಗ್ಲಿ." ಹಾಲ್ ಪೂರ್ತಿ ನಕ್ಕಿತು.

ಆಮೇಲೆ ನಮ್ಮ ಯಜಮಾನರನ್ನು ಕರೆದರು. ಕೈಗೆ ನೀರು ತುಂಬಿದ ಪೇಪರ್ ಕಪ್ ಕೊಟ್ಟು, ಆಫ್ ಮಾಡಿ ತೋರಿಸಿ ಅಂದರು. ನೀರು ಅಂಗಿಯ ಮೇಲೆಲ್ಲ ಚೆಲ್ಲಿತು. ಆನ್ ಮಾಡಿ ಅಂದರು. ನಿಂತಿತು. ಚಪ್ಪಾಳೆ. ಇಳಿದು ಬಂದು ನನ್ನ ಪಕ್ಕ ಕೂತರು.

"ಸರ್ಕಸ್ ಆನೆ ಆಗ್ಬುಟ್ಟೆ ಕಣೆ. ಬಾಳೆಹಣ್ಣು ಒಂದು ಕೊಡ್ಲಿಲ್ಲ."

ನಾನು ಎದ್ದೆ. ಸೆರಗು ಹೊದ್ದು, ಮೂವರಿಗೂ ಎಲೆ ಅಡಿಕೆ ಕೊಟ್ಟೆ. ಮೂವರೂ ಎರಡೂ ಕೈ ನೀಡಿ ತೆಗೆದುಕೊಂಡರು. ಒಬ್ಬರೂ ಕೈ ಹಿಂದಕ್ಕೆ ಕಟ್ಟಲಿಲ್ಲ. ಫೋಟೋ ಕೂಡ ತೆಗೆದರು. ನನ್ನ ಎದೆಯ ಮೇಲಿನ ಕಲ್ಲು ಆಗಲೇ ಇಳಿದಂತಾಯಿತು.

"ಒಂದೇ ಮಾತು ಸಾಮಿ. ಈ ಬ್ಯಾಟರಿ ಮುಗಿದ್ರೆ ಯಾರು ಒಣೆ? ಇಟ್ಟೋರಾ, ಇಡಿಸ್ಕೊಂಡೋರಾ?"

"ಬಹಳ ಮುಖ್ಯವಾದ ಪ್ರಶ್ನೆ," ಅಂದರು ಪ್ರೊಫೆಸರು. ಎದ್ದು ಹೋಗಿ ಬೋರ್ಡಿನ ಮೇಲೆ ಬರೆದು, ಕೆಳಗೆ ಗೆರೆ ಎಳೆದರು. ವಕೀಲೆ ಇದಕ್ಕೆ ಕಾನೂನು ಇನ್ನೂ ಬೆಳೆಯಬೇಕು ಅಂದರು. ಊಟದ ಹೊತ್ತಾಯಿತು. ಪಲಾವ್ ಚೆನ್ನಾಗಿತ್ತು. ಊಟದ ಮೇಲೆ ಬೋರ್ಡು ಒರೆಸಿ ಬೇರೆ ವಿಷಯ ಬರೆದರು.

ಸಂಜೆ ಎಲ್ಲರೂ ಏಳುವ ತನಕ ಕಾದೆ. ವೇದಿಕೆಯ ಮೇಜಿನ ಮೇಲೆ, ಖಾಲಿ ಕಪ್ಪುಗಳ ನಡುವೆ, ಎರಡು ಜೊತೆ ಎಲೆ ಬಾಡಿ ಬಿದ್ದಿದ್ದವು. ಮೂರನೆಯದು ವಯಸ್ಸಾದ ಡಾಕ್ಟರ ಬಾಯಲ್ಲಿತ್ತು. "ಎಲೆ ಚೆನ್ನಾಗಿತ್ತಮ್ಮ," ಅಂದರು, ತುಟಿ ಕೆಂಪಗೆ.

ನಮ್ಮ ಕಡೆ ಅದನ್ನು ಯಾಕೆ ಕೊಡುತ್ತಾರೆ ಅಂತ ಹೇಳಿದೆ. ತಾತನ ಕತೆಯನ್ನೂ ಹೇಳಿದೆ. ಅವರು ಅಗಿಯುವುದನ್ನು ನಿಲ್ಲಿಸಿದರು.

"ಗೊತ್ತಿದ್ದಿದ್ರೆ ತಗೊಳ್ತಾ ಇರ್ಲಿಲ್ಲಮ್ಮ."

ಅಷ್ಟೇ. ಆ ದಿನ ಅಲ್ಲಿ ಆಡಿದ ಮಾತುಗಳಲ್ಲಿ ವೀಳ್ಯಕ್ಕೆ ಸಲ್ಲುವ ಮಾತು ಅದೊಂದೇ. ಅದಕ್ಕೇ ಅವರ ಮೇಲೆ ಸಿಟ್ಟು ಮಾಡಲು ಆಗುತ್ತಿಲ್ಲ. ಮಾಡಬೇಕು ಅನ್ನಿಸುತ್ತದೆ, ಆಗುತ್ತಿಲ್ಲ. ಸಂವಾದ ನಡೆಸಿದವರು ಜನರನ್ನು ಕರೆದು ಕೇಳಿದೆವು ಅಂತ ಇನ್ನು ಎಲ್ಲೋ ಹೇಳಿಕೊಳ್ಳುತ್ತಾರೆ. ಕೇಳಿದ್ದು ನಿಜ. ಕೇಳುವುದಕ್ಕೆ ಯಾರೂ ಕಟ್ಟುಬೀಳಬೇಕಾಗಿಲ್ಲ.

ಬಸ್ಸಿನಲ್ಲಿ ಬರುವಾಗ ಇವರು, "ಓಗ್ಲಿ ಬಿಡು, ತಿಂದೋನಾದ್ರೂ ನಿಜ ಹೇಳ್ದ," ಅಂದರು.

ಬ್ಯಾಟರಿ ತೀರಾ ಕೆಳಗಿಳಿದಿದೆ ಅಂತ ಆಸ್ಪತ್ರೆಯಲ್ಲಿ ಅಂದಿದ್ದಾರೆ. ಈಗ ಹಾಲು ಕರೆಯುವಾಗ ಮಾತ್ರ ಆನ್. ಗಡ್ಡ ಹೆರೆಯುವ ದಿನ ಇನ್ನೊಂದಿಷ್ಟು ಹೊತ್ತು. ಊಟಕ್ಕೆ ಬೇಡ ಅನ್ನುತ್ತಾರೆ. "ಮುದ್ದೆಗ್ಯಾಕೆ ಕರೆಂಟು? ನಡುಗ್ತಾ ನಡುಗ್ತಾನೇ ಬಾಯಿಗೆ ಓಗ್ತೈತೆ." ಸಾರು ಮಾತ್ರ ಹೋಗುವುದಿಲ್ಲ. ಸಾರನ್ನು ನಾನು ಅನ್ನಕ್ಕೆ ಕಲಸಿ ಕೊಡುತ್ತೇನೆ.

ನಿನ್ನೆ ಊಟವಾದ ಮೇಲೆ ರಿಮೋಟ್ ತೆಗೆದು ಎದೆಯ ಹತ್ತಿರ ಹಿಡಿದದ್ದನ್ನು ಕಂಡೆ.

"ಈಗ್ಯಾಕೆ? ಆಲು ಕರ್ದಾಯ್ತಲ್ಲ."

"ಸುಮ್ಕಿರು."

ಎಲೆಯ ಬೆನ್ನು ಒರೆಸಿದರು. ತೊಟ್ಟು ಮುರಿದರು. ಸುಣ್ಣ ಸವರಿದರು, ಗೆರೆ ಎಳೆದ ಹಾಗೆ. ಮಡಿಸಿ ನನ್ನ ಮುಂದೆ ನೀಡಿದರು. ನಾನು ತಕ್ಷಣ ತೆಗೆದುಕೊಳ್ಳಲಿಲ್ಲ. ಕೈ ಹಿಂದಕ್ಕೆ ಕಟ್ಟಿಕೊಳ್ಳಬಹುದಿತ್ತು, ತಾತನ ಹಾಗೆ. ಬ್ಯಾಟರಿ ಮುಗಿದ ಮೇಲೆ ಹಾಲಿನ ಕೈ, ಸಾರಿನ ಕೈ, ಗುಂಡಿ ಹಾಕುವ ಕೈ ಎಲ್ಲವೂ ನನ್ನದೇ. ಅದು ಅವರಿಗೂ ಗೊತ್ತು.

"ಏನ್ ಯೋಚ್ನೆ ಮಾಡ್ತೀಯ? ಬ್ಯಾಟರಿ ಓಗ್ತಾ ಐತೆ, ಇಡ್ಕೊಳ್ಳೇ."

ಹಿಡಿದೆ.

ಅವರು ಆಫ್ ಒತ್ತಿದರು. ಸುಣ್ಣದ ಡಬ್ಬಿ ಮುಚ್ಚಲು ಹೋದ ಕೈ ಮತ್ತೆ ನಡುಗಿತು. ಡಬ್ಬಿಯನ್ನು ನಾನು ಮುಚ್ಚಿದೆ.